ಪೂಜೆ ನಿಂತ ದೇವತೆಗಳು



ಕಾಲೇಜಿನಲ್ಲಿ ರೋಮ್ ಸಾಮ್ರಾಜ್ಯದ ಚರಿತ್ರೆಯನ್ನು ಪಾಠ ಹೇಳುತ್ತಿದ್ದಾಗ ಒಮ್ಮೆ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಒಂದು ಪ್ರಶ್ನೆಯನ್ನು ಕೇಳಿದನು. "ಸಾರ್, ರೋಮನರು ಗಾಲ್ ದೇಶವನ್ನು ಗೆದ್ದರು, ಬ್ರಿಟನ್ನನ್ನೂ ಗೆದ್ದರು ಎಂದು ಹೇಳಿದಿರಿ. ಸೋತ ಜನರು ಏನಾದರೆಂಬುದನ್ನೂ ಹೇಳಿದಿರಿ. ಅವರ ದೇವರುಗಳು ಏನಾದವು?" ಎಂದನು. ತರಗತಿಯಲ್ಲಿ ನಗು ಎದ್ದಿತು. ಗಂಟೆ ಹೊಡೆಯುವ ಹೊತ್ತೂ ಆಗಿದ್ದುದರಿಂದ ನಾನು, "ಪೂಜಿಸುವವರು ಇಲ್ಲವಾದ ಮೇಲೆ ದೇವರೂ ಇಲ್ಲವಾದಂತೆಯೇ" ಎಂದು ಹೇಳಿ ಪುಸ್ತಕವನ್ನು ಮುಚ್ಚಿದೆನು. ಆ ಉತ್ತರವು ಅವಸರದ್ದು ಮಾತ್ರವಲ್ಲ, ತಪ್ಪೂ ಹೌದೆಂಬುದು ಆಮೇಲೆ ನನಗೆ ಮನದಟ್ಟಾಯಿತು. ಆ ತಪ್ಪನ್ನು ತಿದ್ದಿಕೊಳ್ಳುವುದೇ ಈ ಭಾಷಣದ ಉದ್ದೇಶವೆಂದು ತಾವು ತಿಳಿಯಬಹುದು.

ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ೨೦೨೧ರಲ್ಲಿ ನಡೆದ ಖಾನೇಷುಮಾರಿಯಲ್ಲಿ ಸುಮಾರು ೭೪,೦೦೦ ಮಂದಿ ತಮ್ಮ ಮತವನ್ನು 'ಪೇಗನ್' ಎಂದು ಬರೆಯಿಸಿದರು. ಹತ್ತು ವರ್ಷ ಹಿಂದೆ, ಎಂದರೆ ೨೦೧೧ರಲ್ಲಿ, ಈ ಸಂಖ್ಯೆ ಸುಮಾರು ೫೭,೦೦೦ ಇದ್ದಿತು. 'ಪೇಗನ್' ಎಂಬುದು ಲ್ಯಾಟಿನ್ ಭಾಷೆಯ 'ಪಾಗಾನುಸ್' ಎಂಬ ಮಾತಿನಿಂದ ಬಂದುದು. ಅದರ ಮೊದಲ ಅರ್ಥ ಹಳ್ಳಿಯವನು ಎಂದು. ರೋಮಿನಲ್ಲಿ ಕ್ರೈಸ್ತಮತವು ಪ್ರಬಲವಾದಾಗ, ಹಳೆಯ ದೇವರುಗಳನ್ನು ಬಿಡದವರಿಗೆಲ್ಲ ಈ ಹೆಸರು ನಿಂದೆಯ ಮಾತಾಗಿ ಅಂಟಿಕೊಂಡಿತು. ಆ ನಿಂದೆಯ ಹೆಸರನ್ನೇ ಇಂದಿನವರು ಬೇಕೆಂದು ಧರಿಸಿದ್ದಾರೆ. ಇವರಲ್ಲಿ ಎಲ್ಲರೂ ಒಂದೇ ದೇವತೆಯನ್ನು ಭಜಿಸುವವರಲ್ಲ. ಗ್ರೀಕರ ದೇವತೆಗಳನ್ನು ಆರಾಧಿಸುವವರುಂಟು, ಉತ್ತರದ ಥೋರ್ ಓಡಿನರನ್ನು ಆರಾಧಿಸುವವರುಂಟು. ಈ ದಿನ ನಾನು ವಿಚಾರಿಸಬೇಕೆಂದಿರುವುದು ಪ್ರಾಚೀನ ಕೆಲ್ಟ್ ಜನಾಂಗದ ದೇವತೆಗಳಾದ ಬ್ರಿಗಿಡ್, ಲುಗ್, ಕೆರ್ನುನ್ನೋಸ್, ಎಪೋನಾ ಮೊದಲಾದವರನ್ನು ಮರಳಿ ಕರೆಯುತ್ತಿರುವವರ ವಿಷಯವನ್ನು.

ಕೆಲ್ಟರೆಂದರೆ ಯಾರು? ಒಂದು ರಾಜ್ಯದ ಜನರೆಂದೋ ಒಂದು ರಕ್ತದ ಜನರೆಂದೋ ಹೇಳುವುದಕ್ಕಿಂತ, ಒಂದು ಭಾಷಾವರ್ಗದ ಜನರೆಂದು ಹೇಳುವುದು ಯುಕ್ತವಾದುದು. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಈ ಭಾಷೆಗಳು ಸ್ಪೇನಿನಿಂದ ಹಿಡಿದು ಏಷ್ಯಾಮೈನರಿನ ನಡುನಾಡಿನವರೆಗೂ ಹಬ್ಬಿದ್ದುವು. ಇಂದು ಉಳಿದಿರುವುವು ಆರು: ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾಂಕ್ಸ್, ವೆಲ್ಷ್, ಕಾರ್ನಿಷ್, ಬ್ರೆಟನ್. ಇವುಗಳಲ್ಲಿ ಮ್ಯಾಂಕ್ಸ್ ಮತ್ತು ಕಾರ್ನಿಷ್ ಭಾಷೆಗಳು ಒಮ್ಮೆ ನಿಂತುಹೋಗಿ ಅಭಿಮಾನಿಗಳ ಪ್ರಯತ್ನದಿಂದ ಮತ್ತೆ ಉಸಿರಾಡುತ್ತಿರುವಂಥವು. ಈ ಭಾಷೆಗಳಿಗೂ ನಮ್ಮ ಸಂಸ್ಕೃತಕ್ಕೂ ದೂರದ ನಂಟುಂಟು. ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳೊಡನೆ ಕೆಲ್ಟಿಕ್ ಭಾಷೆಯೂ ಒಂದೇ ಮೂಲದಿಂದ ಬಂದಿರಬಹುದೆಂದು ಸೂಚಿಸಿದನು. ಆತನ ತಂದೆ ವೇಲ್ಸಿನ ಆಂಗ್ಲಸೀ ದ್ವೀಪದವನು ಎಂಬುದು ಸ್ಮರಣೀಯ. ಐರಿಷಿನಲ್ಲಿ ದೇವರಿಗೆ 'ದಿಯ', ನಮ್ಮಲ್ಲಿ 'ದೇವ'. ಅಲ್ಲಿ ಅರಸನಿಗೆ 'ರೀ', ನಮ್ಮಲ್ಲಿ 'ರಾಜನ್'. ಬ್ರಿಗಿಡ್ ಎಂಬ ದೇವಿಯ ಹೆಸರಿಗೆ ಉನ್ನತಳಾದವಳು ಎಂದು ಅರ್ಥ. ಅದು ಸಂಸ್ಕೃತದ 'ಬೃಹತೀ' ಶಬ್ದಕ್ಕೆ ಸೋದರಿ. ಆದರೆ ಶಬ್ದಗಳು ಬಂಧುಗಳಾದ ಮಾತ್ರಕ್ಕೆ ದೇವತೆಗಳೂ ಒಂದೇ ಎಂದು ಹೇಳಲಾಗದು. ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಕೆಲ್ಟರ ಮತಾಚಾರ್ಯರಿಗೆ ಡ್ರೂಯಿಡರೆಂದು ಹೆಸರು. ಇವರ ವಿಷಯವನ್ನು ನಮಗೆ ತಿಳಿಸುವವರಲ್ಲಿ ಮುಖ್ಯನಾದವನು ಇವರ ದೇಶವನ್ನು ಗೆದ್ದ ಜೂಲಿಯಸ್ ಸೀಸರನೇ. ಡ್ರೂಯಿಡರು ಯಜ್ಞಗಳನ್ನು ನಡಸುತ್ತಿದ್ದರು, ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು, ಆತ್ಮವು ಸಾಯದೆ ಒಂದು ದೇಹದಿಂದ ಮತ್ತೊಂದಕ್ಕೆ ಹೋಗುತ್ತದೆಂದು ಬೋಧಿಸುತ್ತಿದ್ದರು ಎಂದು ಆತನು ಬರೆದಿದ್ದಾನೆ. ಅವರ ಶಿಷ್ಯರಲ್ಲಿ ಕೆಲವರು ಇಪ್ಪತ್ತು ವರ್ಷ ವಿದ್ಯಾಭ್ಯಾಸ ಮಾಡುತ್ತಿದ್ದರಂತೆ. ಲೌಕಿಕ ವ್ಯವಹಾರಗಳಿಗೆ ಗ್ರೀಕ್ ಲಿಪಿಯನ್ನು ಬಳಸುತ್ತಿದ್ದರೂ ಪವಿತ್ರ ವಿದ್ಯೆಯನ್ನು ಮಾತ್ರ ಬರೆದಿಡುವುದು ನಿಷಿದ್ಧವಾಗಿದ್ದಿತು. ಇದಕ್ಕೆ ಸೀಸರನು ಎರಡು ಕಾರಣಗಳನ್ನು ಊಹಿಸುತ್ತಾನೆ. ವಿದ್ಯೆ ಕಂಡಕಂಡವರ ಕೈಗೆ ಬೀಳಬಾರದು ಎಂಬುದೊಂದು. ಬರೆವಣಿಗೆಯನ್ನು ನೆಚ್ಚಿದವರ ನೆನಪು ಮೊಂಡಾಗುತ್ತದೆ ಎಂಬುದು ಇನ್ನೊಂದು.

ನಮ್ಮ ದೇಶದವರಿಗೆ ಈ ಮಾತು ಹೊಸದಲ್ಲ. ವೇದವನ್ನು ಗುರುಮುಖದಿಂದಲೇ ಕಲಿಯಬೇಕೆಂಬ ಕಟ್ಟಳೆಯನ್ನು ನಾವೆಲ್ಲರೂ ಕೇಳಿಬಲ್ಲೆವು. ಬಾಯಿಂದ ಕಿವಿಗೆ ಬಂದ ವಿದ್ಯೆ ಇಲ್ಲಿ ಸಾವಿರಾರು ವರ್ಷ ಸ್ವರಸಹಿತವಾಗಿ ಉಳಿದು ಬಂದಿತು. ಅದೇ ಕಟ್ಟಳೆಯನ್ನು ಇಟ್ಟುಕೊಂಡಿದ್ದ ಡ್ರೂಯಿಡರ ವಿದ್ಯೆಯಲ್ಲಿ ಒಂದು ಶ್ಲೋಕದಷ್ಟಾದರೂ ಉಳಿಯಲಿಲ್ಲ. ಇದಕ್ಕೆ ಕಾರಣ ಪದ್ಧತಿಯ ದೋಷವಲ್ಲ. ಹೇಳಿಕೊಡುವವರ ಸಾಲು ನಡುವೆ ತುಂಡಾಯಿತು. ರೋಮಿನ ಚಕ್ರವರ್ತಿಗಳಾದ ಟೈಬೀರಿಯಸ್, ಕ್ಲಾಡಿಯಸ್ ಇವರು ಡ್ರೂಯಿಡರನ್ನು ಅಡಗಿಸಿದರೆಂದು ರೋಮನ್ ಗ್ರಂಥಕಾರರು ಹೇಳುತ್ತಾರೆ. ಸುಮಾರು ಕ್ರಿ. ಶ. ೬೦ರಲ್ಲಿ ಸ್ವೆಟೋನಿಯಸ್ ಪೌಲಿನಸ್ ಎಂಬ ಸೇನಾಪತಿ ಆಂಗ್ಲಸೀ ದ್ವೀಪಕ್ಕೆ ನುಗ್ಗಿ ಅಲ್ಲಿನ ಪವಿತ್ರ ವನಗಳನ್ನು ಕಡಿಸಿದ ಸಂಗತಿಯನ್ನು ಟ್ಯಾಸಿಟಸನು ವರ್ಣಿಸಿದ್ದಾನೆ.

ಅದೇ ದ್ವೀಪದಲ್ಲಿ ೧೯೪೨ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ವಿಮಾನನಿಲ್ದಾಣವೊಂದನ್ನು ಕಟ್ಟುತ್ತಿದ್ದರು. ಲಿನ್ ಕೆರಿಗ್ ಬಾಖ್ ಎಂಬ ಸಣ್ಣ ಕೆರೆಯ ಜೌಗುಮಣ್ಣನ್ನು ತೋಡಿ ತರುತ್ತಿದ್ದಾಗ ಕಬ್ಬಿಣದ ಸರಪಣಿಯೊಂದು ಸಿಕ್ಕಿತು. ಕೆಸರಿನಲ್ಲಿ ಹೂತುಹೋದ ಲಾರಿಗಳನ್ನು ಎಳೆಯಲು ಕೆಲಸಗಾರರು ಅದನ್ನೇ ಉಪಯೋಗಿಸಿದರು, ಸರಪಣಿ ಹರಿಯಲಿಲ್ಲ. ಪರೀಕ್ಷಿಸಿದಾಗ ಅದು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು, ಸೆರೆಯಾಳುಗಳ ಕೊರಳಿಗೆ ಹಾಕುತ್ತಿದ್ದುದು ಎಂದು ಗೊತ್ತಾಯಿತು. ಅದರೊಡನೆ ಕತ್ತಿಗಳು, ಈಟಿಗಳು, ರಥದ ಭಾಗಗಳು ಇವೆಲ್ಲ ಸೇರಿ ನೂರೈವತ್ತಕ್ಕೂ ಹೆಚ್ಚು ವಸ್ತುಗಳು ದೊರೆತುವು. ಇವೆಲ್ಲವೂ ತಲೆತಲಾಂತರದಿಂದ ಆ ನೀರಿಗೆ ಅರ್ಪಿತವಾಗುತ್ತಿದ್ದ ಕಾಣಿಕೆಗಳೆಂದು ವಿದ್ವಾಂಸರ ಅಭಿಪ್ರಾಯ. ಹಳೆಯ ಕೆಲ್ಟರ ಮತವನ್ನು ಶಾಂತಿ, ಪ್ರಕೃತಿಪ್ರೇಮ ಎಂಬ ಎರಡೇ ಮಾತುಗಳಲ್ಲಿ ಹೇಳಿ ಮುಗಿಸುವವರು ಆ ಸರಪಣಿಯನ್ನು ನೆನೆಯುವುದು ಒಳ್ಳೆಯದು. ಕಾಣಿಕೆ ಹಾಕಿದ ಕೈಯೂ ಸೆರೆಯಾಳಿಗೆ ಸರಪಣಿ ತೊಡಿಸಿದ ಕೈಯೂ ಒಂದೇ ಜನದ ಕೈಗಳು.

ಹಾಗಾದರೆ ಈ ದೇವತೆಗಳ ವಿಷಯ ನಮಗೆ ತಿಳಿದುದು ಹೇಗೆ? ಮೊದಲನೆಯ ಆಧಾರ ರೋಮನರ ಆಳ್ವಿಕೆಯಲ್ಲಿ ಕೆತ್ತಿಸಿದ ಶಿಲೆಗಳು ಮತ್ತು ಶಾಸನಗಳು. ರೋಮನರು ಗೆದ್ದ ನಾಡಿನ ದೇವರಿಗೆ ತಮ್ಮ ದೇವರ ಹೆಸರನ್ನು ಜೋಡಿಸುವ ಅಭ್ಯಾಸವುಳ್ಳವರು. ಇಂಗ್ಲೆಂಡಿನ ಬಾತ್ ನಗರದಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಮೀರಿ ಬಿಸಿನೀರು ಉಕ್ಕುವ ಬುಗ್ಗೆಯೊಂದುಂಟು. ಅದರ ಅಧಿದೇವತೆ ಸುಲಿಸ್. ರೋಮನರು ಅವಳನ್ನು ತಮ್ಮ ಮಿನರ್ವಳೊಡನೆ ಒಂದುಗೂಡಿಸಿ 'ಸುಲಿಸ್ ಮಿನರ್ವ' ಎಂದು ಗುಡಿ ಕಟ್ಟಿದರು. ಚಿನ್ನದ ನೀರು ಕೊಟ್ಟ ಅವಳ ಕಂಚಿನ ಶಿರಸ್ಸು ೧೭೨೭ರಲ್ಲಿ ಸಿಕ್ಕಿತು. ಆದರೆ ಅದಕ್ಕಿಂತಲೂ ಹೃದ್ಯವಾದುವು, ಆ ಬುಗ್ಗೆಯಲ್ಲಿ ದೊರೆತ ಸುಮಾರು ನೂರಮೂವತ್ತು ಸೀಸದ ತಗಡುಗಳು. ಮೇಲಂಗಿ ಕಳೆದುಕೊಂಡವನು, ಕೈಚೀಲ ಕಳೆದುಕೊಂಡವನು, ಹಣ ಕಳೆದುಕೊಂಡವನು, ಇವರೆಲ್ಲರೂ ಕದ್ದವನನ್ನು ಶಿಕ್ಷಿಸೆಂದು ದೇವಿಗೆ ಬರೆದುಕೊಂಡ ಅರ್ಜಿಗಳು ಅವು. ಕದ್ದವನು ಗಂಡಸೋ ಹೆಂಗಸೋ, ಆಳೋ ಒಡೆಯನೋ, ಯಾರಾದರೂ ಸರಿಯೆ, ಬಿಡಬೇಡ ಎಂಬ ಧಾಟಿಯ ಮೊರೆ ಮತ್ತೆ ಮತ್ತೆ ಬರುತ್ತದೆ. ದೇವರಿಗೆ ಹರಕೆ ಹೊತ್ತು ದೂರು ಹೇಳಿಕೊಳ್ಳುವವರ ಕಷ್ಟವು ಯಾವ ದೇಶದವರಿಗೂ ಅಪರಿಚಿತವಲ್ಲವಷ್ಟೆ.

ಎರಡನೆಯ ಆಧಾರ ಭೂಮಿಯಲ್ಲಿ ಸಿಕ್ಕಿದ ವಸ್ತುಗಳು. ಇವುಗಳಲ್ಲಿ ಎರಡನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಡೆನ್ಮಾರ್ಕಿನ ಗುಂಡೆಸ್ಟ್ರುಪ್ ಎಂಬಲ್ಲಿ ೧೮೯೧ರಲ್ಲಿ ಜೌಗುನೆಲದಲ್ಲಿ ಬೆಳ್ಳಿಯ ದೊಡ್ಡ ಕೊಪ್ಪರಿಗೆಯೊಂದು ದೊರೆಯಿತು. ಅದರ ಒಂದು ಫಲಕದಲ್ಲಿ ತಲೆಯ ಮೇಲೆ ಜಿಂಕೆಯ ಕವಲುಗೊಂಬುಗಳುಳ್ಳ ಪುರುಷನೊಬ್ಬನು ಕಾಲು ಮಡಿಸಿ ಕುಳಿತಿದ್ದಾನೆ, ಸುತ್ತಲೂ ಮೃಗಗಳಿವೆ. ಪ್ಯಾರಿಸ್ ನಗರದಲ್ಲಿ ನೋತ್ರ್ ದಾಮ್ ದೇವಾಲಯದ ಕೆಳಗೆ ೧೭೧೦ರ ಸುಮಾರಿನಲ್ಲಿ ಸಿಕ್ಕಿದ ನಾವಿಕರ ಸ್ತಂಭದ ಮೇಲೆ ಇಂಥ ಕೊಂಬಿನ ದೇವನ ಪಕ್ಕದಲ್ಲಿ ಕೆರ್ನುನ್ನೋಸ್ ಎಂಬ ಹೆಸರಿರುವುದರಿಂದ, ಇವನನ್ನೂ ಆ ಹೆಸರಿನಿಂದಲೇ ಕರೆಯುವ ವಾಡಿಕೆಯಾಗಿದೆ. ಮೊಹೆಂಜೊದಾರೊವಿನ ಪಶುಪತಿ ಮುದ್ರೆಯನ್ನು ಕಂಡಿರುವವರಿಗೆ ಎರಡು ಚಿತ್ರಗಳ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಇದರಿಂದ ಉತ್ಸಾಹಗೊಂಡು ಶಿವನೇ ಡೆನ್ಮಾರ್ಕಿಗೆ ಹೋದನೆಂದು ಬರೆಯುವವರೂ ಇದ್ದಾರೆ. ಆದರೆ ಮುದ್ರೆಗೂ ಕೊಪ್ಪರಿಗೆಗೂ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಅಂತರವಿದೆ. ಆ ಅಂತರವನ್ನು ತುಂಬುವ ಸಾಕ್ಷ್ಯವಿಲ್ಲ. ಹೋಲಿಕೆಯು ಪ್ರಶ್ನೆಯನ್ನು ಎಬ್ಬಿಸಬಹುದು, ಉತ್ತರವನ್ನು ಕೊಡಲಾರದು.

ಇನ್ನೊಂದು, ಫ್ರಾನ್ಸಿನ ಕೊಲಿನ್ಯಿ ಎಂಬ ಊರಿನ ಬಳಿ ೧೮೯೭ರಲ್ಲಿ ತುಂಡುತುಂಡಾಗಿ ಸಿಕ್ಕಿದ ಕಂಚಿನ ಪಂಚಾಂಗ. ಇದು ಗಾಲ್ ಭಾಷೆಯಲ್ಲಿ ಕೆತ್ತಿದುದು. ಇದರಲ್ಲಿ ಐದು ವರ್ಷಗಳ ಲೆಕ್ಕವಿದೆ; ತಿಂಗಳು ಚಾಂದ್ರಮಾನದ್ದು, ಎರಡು ಭಾಗಗಳುಳ್ಳದ್ದು. ಸೂರ್ಯನ ಗತಿಯೊಡನೆ ಹೊಂದಿಸುವುದಕ್ಕಾಗಿ ಐದು ವರ್ಷಗಳಲ್ಲಿ ಎರಡು ಅಧಿಕಮಾಸಗಳನ್ನು ಸೇರಿಸಿ, ಒಟ್ಟು ೬೨ ತಿಂಗಳು ಮಾಡಿದ್ದಾರೆ. ನಮ್ಮ ವೇದಾಂಗ ಜ್ಯೋತಿಷದ ಐದು ವರ್ಷದ ಯುಗದಲ್ಲಿಯೂ ಇರುವುದು ೬೨ ಚಾಂದ್ರಮಾಸಗಳೇ. ಇಲ್ಲಿ ಕೂಡ ಒಬ್ಬರಿಂದೊಬ್ಬರು ಕಲಿತರೆಂದು ಹೇಳಬೇಕಾದ ಅಗತ್ಯವಿಲ್ಲ. ಚಂದ್ರನು ಗಂಗಾತೀರದವರಿಗೂ ರೋನ್ ನದೀತೀರದವರಿಗೂ ಒಬ್ಬನೇ; ಅವನನ್ನು ಶ್ರದ್ಧೆಯಿಂದ ಎಣಿಸಿದ ಇಬ್ಬರಿಗೂ ಒಂದೇ ಲೆಕ್ಕ ಸಿಕ್ಕಿರಬಹುದು.

ಮೂರನೆಯ ಆಧಾರ ಐರ್ಲೆಂಡ್, ವೇಲ್ಸ್‌ಗಳ ಕಥೆಗಳು. ಐರ್ಲೆಂಡಿಗೆ ರೋಮನರ ದಂಡು ಹೋಗಿ ನೆಲೆಸಲಿಲ್ಲ. ಆದರೆ ಕ್ರೈಸ್ತಮತವು ಹೋಯಿತು. ಲುಗ್, ದಾಗ್ದ, ಮೊರಿಗನ್ ಮೊದಲಾದವರ ಕಥೆಗಳನ್ನು ನಮಗೆ ಉಳಿಸಿಕೊಟ್ಟವರು ಮಠಗಳ ಕ್ರೈಸ್ತ ಲಿಪಿಕಾರರು. ಹನ್ನೆರಡನೆಯ ಶತಮಾನದ 'ಲೀನ್‌ಸ್ಟರ್ ಗ್ರಂಥ'ದಲ್ಲಿ ಐರಿಷರ ಮಹಾಕಥೆಯಾದ 'ತಾಯಿನ್' ಮುಗಿಯುವಲ್ಲಿ ಎರಡು ಒಕ್ಕಣೆಗಳಿವೆ. ಐರಿಷ್ ಭಾಷೆಯಲ್ಲಿರುವುದು, ಈ ಕಥೆಯನ್ನು ತಪ್ಪದೆ ನೆನಪಿನಲ್ಲಿಟ್ಟುಕೊಳ್ಳುವವರಿಗೆ ಶುಭವನ್ನು ಕೋರುತ್ತದೆ. ಲ್ಯಾಟಿನಿನಲ್ಲಿರುವುದು, ಇದರಲ್ಲಿ ಕೆಲವು ಪಿಶಾಚಗಳ ಮೋಸ, ಕೆಲವು ಕವಿಗಳ ಕಲ್ಪನೆ, ತನಗೆ ಇದರಲ್ಲಿ ನಂಬಿಕೆಯಿಲ್ಲ ಎಂದು ಹೇಳುತ್ತದೆ. ನಾಡಿನ ನುಡಿಯಲ್ಲಿ ಪ್ರೀತಿ, ಮತದ ನುಡಿಯಲ್ಲಿ ನಿರಾಕರಣೆ. ನಮ್ಮ ಕೈಗೆ ಬಂದಿರುವ ಕೆಲ್ಟ್ ದೇವತೆಗಳೆಲ್ಲ ಈ ಇಬ್ಬಗೆಯ ಮನಸ್ಸಿನ ಮೂಲಕ ಸೋಸಿ ಬಂದವರು.

ಇಷ್ಟು ಆಧಾರ ಸಾಕೇ? ಹೆಸರುಗಳಿವೆ, ರೂಪಗಳಿವೆ, ಕಥೆಗಳಿವೆ, ಇಲ್ಲದಿರುವುದು ಪೂಜಾವಿಧಿ. ಯಾವ ದೇವತೆಯನ್ನು ಯಾವ ಮಾತಿನಿಂದ ಕರೆಯುತ್ತಿದ್ದರು ಎಂಬುದು ಡ್ರೂಯಿಡರೊಡನೆ ಹೋಯಿತು. ಈ ಬರಿದಾದ ಸ್ಥಳವನ್ನು ತುಂಬಲು ಹೋದವರ ಕಥೆಯೇ ಇನ್ನೂರೈವತ್ತು ವರ್ಷಗಳ ಡ್ರೂಯಿಡ್ ಪುನರುಜ್ಜೀವನದ ಕಥೆ.

೧೭೪೦ರಲ್ಲಿ ವಿಲಿಯಂ ಸ್ಟೂಕ್ಲಿ ಎಂಬಾತನು ಸ್ಟೋನ್‌ಹೆಂಜಿನ ಶಿಲಾವಲಯವನ್ನು ಡ್ರೂಯಿಡರ ದೇವಾಲಯವೆಂದು ಗ್ರಂಥ ಬರೆದನು. ಆ ವಲಯದ ಕೆಲಸ ಆರಂಭವಾದುದು ಸುಮಾರು ಕ್ರಿ. ಪೂ. ೩೦೦೦ದಲ್ಲಿ, ಡ್ರೂಯಿಡರ ಮೊದಲ ಉಲ್ಲೇಖಕ್ಕೂ ಅದಕ್ಕೂ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವುಂಟು. ಆದರೂ ಆ ಕಲ್ಪನೆ ಜನಮನದಿಂದ ಅಳಿಸಿಹೋಗಲಿಲ್ಲ. ಆಮೇಲೆ ಬಂದವನು ಎಡ್ವರ್ಡ್ ವಿಲಿಯಮ್ಸ್. ಇವನ ಕಾವ್ಯನಾಮ ಯೋಲೋ ಮೊರ್ಗಾನುಗ್. ಇವನು ಕಲ್ಲುಕೆಲಸದವನು, ಕವಿ, ವೆಲ್ಷ್ ಹಸ್ತಪ್ರತಿಗಳಲ್ಲಿ ಅಪಾರವಾದ ಪಾಂಡಿತ್ಯವುಳ್ಳವನು. ಜೊತೆಗೆ ಅದ್ಭುತವಾದ ಕೂಟಲೇಖಕ. ತಾನೇ ಬರೆದುದನ್ನು ಪ್ರಾಚೀನರದೆಂದು ಪ್ರಚುರಪಡಿಸಿದನು. ೧೭೯೨ನೆಯ ಜೂನ್ ೨೧ರಂದು ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಕಲ್ಲುಗಳನ್ನು ವರ್ತುಲಾಕಾರವಾಗಿಟ್ಟು 'ಗೊರ್ಸೆದ್' ಎಂಬ ಕವಿಸಭೆಯನ್ನು ನೆರೆಸಿ, ಇದು ಡ್ರೂಯಿಡರ ಕಾಲದಿಂದ ಅವಿಚ್ಛಿನ್ನವಾಗಿ ಬಂದುದೆಂದು ಸಾರಿದನು. ಇಪ್ಪತ್ತನೆಯ ಶತಮಾನದಲ್ಲಿ ಜಿ. ಜೆ. ವಿಲಿಯಮ್ಸ್ ಎಂಬ ವೆಲ್ಷ್ ವಿದ್ವಾಂಸನು ಪ್ರತಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಈ ಕೃತ್ರಿಮವನ್ನು ಬಯಲಿಗೆ ತಂದನು.

ಯೋಲೋವನ್ನು ಮೋಸಗಾರನೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಅವನು ಕಟ್ಟಿದ ಗೊರ್ಸೆದ್ ೧೮೧೯ರಲ್ಲಿ ವೇಲ್ಸಿನ ಸಾಹಿತ್ಯೋತ್ಸವವಾದ ಐಸ್ತೆದ್ವೋದಿನೊಡನೆ ಸೇರಿತು. ಇಂದಿಗೂ ಆ ಉತ್ಸವದಲ್ಲಿ ವೆಲ್ಷ್ ಭಾಷೆಯ ಕವಿಗೆ ಕಿರೀಟವಿಟ್ಟು ಗೌರವಿಸುವುದು ಆ ಗೊರ್ಸೆದಿನ ಸಮಾರಂಭದಲ್ಲಿಯೇ. ಹುಸಿಯಾದ ಹಸ್ತಪ್ರತಿಯಿಂದ ನಿಜವಾದ ಉಪಕಾರವಾಯಿತು. ಹಾಗೆಯೇ ನಿಜವಾದ ಅಪಕಾರವೂ ಆಯಿತು: ಹಳೆಯ ವೆಲ್ಷ್ ಸಾಹಿತ್ಯದಲ್ಲಿ ಯಾವುದು ಪ್ರಾಚೀನ, ಯಾವುದು ಯೋಲೋವಿನದು ಎಂದು ಬೇರ್ಪಡಿಸುವುದರಲ್ಲಿ ವಿದ್ವಾಂಸರ ಆಯುಷ್ಯಗಳು ಸವೆದುವು. ತನ್ನ ಜನರ ಮೇಲಣ ಅಭಿಮಾನದಿಂದ ಅವರ ನೆನಪನ್ನೇ ಕಲಬೆರಕೆ ಮಾಡಿದವನು ಅವನು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಐರ್ಲೆಂಡಿನಲ್ಲಿ ಡಬ್ಲ್ಯು. ಬಿ. ಯೇಟ್ಸ್, 'ಎ. ಇ.' ಎಂಬ ಕಾವ್ಯನಾಮದ ಜಾರ್ಜ್ ರಸೆಲ್ ಮೊದಲಾದ ಕವಿಗಳು ಹಳೆಯ ದೇವತೆಗಳ ಕಡೆಗೆ ತಿರುಗಿದರು. ಯೇಟ್ಸನು ಲಾಕ್ ಕೀ ಎಂಬ ಸರೋವರದ ದ್ವೀಪದಲ್ಲಿ ಐರಿಷ್ ದೇವತೆಗಳ ರಹಸ್ಯೋಪಾಸನೆಗೆ ಒಂದು ಮಂದಿರವನ್ನೇ ಸ್ಥಾಪಿಸಬೇಕೆಂದು ಬಹುಕಾಲ ಯೋಚಿಸಿದ್ದನು, ಅದು ಕೈಗೂಡಲಿಲ್ಲ. ಈ ಗೋಷ್ಠಿಗೆ ಸೇರಿದ ಒಬ್ಬನು ನಮ್ಮ ನಾಡಿಗೂ ಬಂದನು. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಐರಿಷ್ ಪುರಾಣಗಳನ್ನು ನಾಟಕಗಳಾಗಿ ಬರೆದ ಜೇಮ್ಸ್ ಕಸಿನ್ಸ್‌ನು ೧೯೧೫ರಲ್ಲಿ ಭಾರತಕ್ಕೆ ಬಂದು ನೆಲಸಿದನು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಏರ್ಪಾಟಿನಲ್ಲಿ ಅವನ ಪಾತ್ರವಿದೆ. ೧೯೨೪ರಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಯುವಕ ಕೆ. ವಿ. ಪುಟ್ಟಪ್ಪನವರು ತಮ್ಮ ಪದ್ಯಗಳನ್ನು ತೋರಿಸಿದಾಗ, ತಾಯ್ನುಡಿಯಲ್ಲಿ ಬರೆಯಿರೆಂದು ಹೇಳಿದವನು ಈ ಕಸಿನ್ಸನೇ. ತನ್ನ ನಾಡು ತಾಯ್ನುಡಿಯನ್ನು ಕಳೆದುಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡ ಐರಿಷನೊಬ್ಬನ ಬಾಯಲ್ಲಿ ಆ ಮಾತಿಗೆ ಎಷ್ಟು ತೂಕವಿತ್ತೆಂಬುದನ್ನು ಕನ್ನಡಿಗರು ಊಹಿಸಿಕೊಳ್ಳಬಹುದು.

ಕವಿಗಳ ಸ್ವಪ್ನವು ಆಚರಣೆಯ ಮತವಾದುದು ಎರಡನೆಯ ಮಹಾಯುದ್ಧದ ತರುವಾಯ. ೧೯೪೮ರಲ್ಲಿ ರಾಬರ್ಟ್ ಗ್ರೇವ್ಸ್ ಎಂಬ ಕವಿ 'ಶ್ವೇತದೇವಿ' ಎಂಬ ಅರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿ, ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪಗಳ ಏಕದೇವಿಯನ್ನು ಪ್ರತಿಪಾದಿಸಿದನು. ೧೯೫೧ರಲ್ಲಿ ಬ್ರಿಟನ್ನಿನ ಮಾಟಗಾತಿಯರ ವಿರುದ್ಧದ ಹಳೆಯ ಕಾನೂನು ರದ್ದಾಯಿತು. ೧೯೫೪ರಲ್ಲಿ ಜೆರಾಲ್ಡ್ ಗಾರ್ಡ್‌ನರ್ ಎಂಬಾತನು ತನ್ನ ಪಂಥವನ್ನು ಪುಸ್ತಕಮುಖೇನ ಪ್ರಕಟಪಡಿಸಿದನು. ಅವನ ಸ್ನೇಹಿತನಾದ ರಾಸ್ ನಿಕೊಲ್ಸ್ ೧೯೬೪ರಲ್ಲಿ ಕವಿಗಳು, ಜ್ಞಾನಿಗಳು, ಡ್ರೂಯಿಡರು ಎಂಬ ಮೂರು ಮೆಟ್ಟಿಲುಗಳ ಸಂಘವನ್ನು ಸ್ಥಾಪಿಸಿದನು. ಇವರು ಆಚರಿಸುವ ವರ್ಷದ ಎಂಟು ಹಬ್ಬಗಳಲ್ಲಿ ಸಾವಿನ್, ಇಂಬೊಲ್ಕ್, ಬೆಲ್ಟನೆ, ಲೂನಸ ಎಂಬ ನಾಲ್ಕು ಐರಿಷರ ಹಳೆಯ ಹಬ್ಬಗಳು. ಉಳಿದ ನಾಲ್ಕು ಅಯನ ವಿಷುವಗಳು. ಎಂಟನ್ನೂ ಸೇರಿಸಿ ಒಂದು ಚಕ್ರವಾಗಿ ಮಾಡಿದುದು ಈ ಕಾಲದವರೇ. ಪ್ರಾಚೀನರಲ್ಲಿ ಅಂಥ ಚಕ್ರವಿದ್ದುದಕ್ಕೆ ಆಧಾರವಿಲ್ಲ.

ಅಮೆರಿಕದಲ್ಲಿ ನಡೆದುದು ವಿನೋದಕರವಾದ ಸಂಗತಿ. ಮಿನೆಸೋಟ ಸಂಸ್ಥಾನದ ಕಾರ್ಲ್‌ಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳೆಲ್ಲರೂ ಯಾವುದಾದರೊಂದು ಪ್ರಾರ್ಥನಾಸಭೆಗೆ ಹೋಗಲೇಬೇಕೆಂಬ ಕಟ್ಟಳೆಯಿದ್ದಿತು. ೧೯೬೩ರಲ್ಲಿ ಕೆಲವರು ಅದನ್ನು ಪ್ರತಿಭಟಿಸುವುದಕ್ಕಾಗಿ ತಾವು ಡ್ರೂಯಿಡರೆಂದು ಹೇಳಿಕೊಂಡು ಗುಡ್ಡದ ಮೇಲೆ ಸಭೆ ಸೇರಿದರು. ಮರುವರ್ಷ ಕಟ್ಟಳೆ ರದ್ದಾಯಿತು. ಅಲ್ಲಿಗೆ ಮುಗಿಯಬೇಕಾಗಿದ್ದ ಆಟ ಮುಗಿಯಲಿಲ್ಲ. ಹಾಸ್ಯಕ್ಕೆ ಬಂದವರಲ್ಲಿ ಕೆಲವರಿಗೆ ಆ ಗುಡ್ಡದ ಮೇಲೆ ಏನೋ ಒಂದು ಶಾಂತಿ ಸಿಕ್ಕಿತು, ಅವರು ಹೋಗುವುದನ್ನು ಬಿಡಲಿಲ್ಲ. ಆ ಬಳಗದಲ್ಲಿ ದೀಕ್ಷೆ ಪಡೆದ ಐಸಾಕ್ ಬೋನ್‌ವಿಟ್ಸ್ ಎಂಬಾತನು ೧೯೮೩ರಲ್ಲಿ ಬೇರೊಂದು ಸಂಘವನ್ನು ಕಟ್ಟಿ, ತಮ್ಮ ಮತವು ಪ್ರಾಚೀನರಿಂದ ಮುರಿಯದೆ ಬಂದುದೆಂದು ಯಾರೂ ಹೇಳಿಕೊಳ್ಳಕೂಡದು, ಪಾಂಡಿತ್ಯವನ್ನು ಅವಲಂಬಿಸಿ ಹೊಸದಾಗಿ ಕಟ್ಟೋಣ ಎಂಬ ಮನೋಭಾವವನ್ನು ಬೆಳೆಸಿದನು.

ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದವರಿಗೆ ಕೆಲ್ಟ್ ಪುನಾರಚನಾವಾದಿಗಳೆಂದು ಹೆಸರು. ನನ್ನ ಗೌರವವನ್ನು ಹೆಚ್ಚಾಗಿ ಸೆಳೆದವರು ಇವರು. ಇವರು ಹಳೆಯ ಐರಿಷ್ ಗ್ರಂಥಗಳನ್ನು ಓದುತ್ತಾರೆ. ಭಾಷೆಯನ್ನು ಕಲಿಯಲು ಶ್ರಮಪಡುತ್ತಾರೆ. ಮನೆಯ ಒಲೆಯ ಬಳಿ, ಬಾವಿ ಹೊಳೆಗಳ ಬಳಿ ಹಾಲು, ಬೆಣ್ಣೆ, ರೊಟ್ಟಿಗಳನ್ನು ಅರ್ಪಿಸುತ್ತಾರೆ. ಯಾವುದು ಗ್ರಂಥದಲ್ಲಿರುವುದು, ಯಾವುದು ತನ್ನ ಸ್ವಂತ ಅನುಭವದಿಂದ ತೋರಿದುದು ಎಂಬುದನ್ನು ಬೇರೆಬೇರೆಯಾಗಿಯೇ ಹೇಳಬೇಕೆಂಬುದು ಇವರಲ್ಲಿ ಒಂದು ನಿಯಮ. ಧ್ಯಾನದಲ್ಲಿ ಬ್ರಿಗಿಡ್ ದೇವಿಯನ್ನು ಕಂಡೆನೆಂದು ಒಬ್ಬಳು ಹೇಳಿದರೆ ಯಾರೂ ಅವಳನ್ನು ಹೀಯಾಳಿಸುವುದಿಲ್ಲ. ಆದರೆ ಪ್ರಾಚೀನ ಐರಿಷರೂ ಹೀಗೆಯೇ ಕಂಡರೆಂದು ಅವಳು ಹೇಳಹೊರಟರೆ ಆಧಾರವೆಲ್ಲಿ ಎಂದು ಕೇಳುತ್ತಾರೆ. ಯೋಲೋ ಮೊರ್ಗಾನುಗನಿಂದ ಕಲಿತ ಪಾಠವಿದು ಎಂದು ನನಗೆ ತೋರುತ್ತದೆ.

ಈ ಉಪಾಸನೆಯ ನಿಜವಾದ ತೊಡಕು ಎಲ್ಲಿದೆ ಎಂಬುದನ್ನು ಬ್ರಿಗಿಡ್ ದೇವಿಯ ಕಥೆಯಿಂದ ತಿಳಿಯಬಹುದು. ಸುಮಾರು ಕ್ರಿ. ಶ. ೯೦೦ರ ಐರಿಷ್ ನಿಘಂಟೊಂದು ಅವಳನ್ನು ಕವಿಗಳು ಪೂಜಿಸುತ್ತಿದ್ದ ದೇವಿ, ದಾಗ್ದನ ಮಗಳು ಎಂದು ಹೇಳುತ್ತದೆ. ವೈದ್ಯಕ್ಕೂ ಕಮ್ಮಾರಿಕೆಗೂ ಅಧಿದೇವತೆಗಳಾದ ಅದೇ ಹೆಸರಿನ ಇಬ್ಬರು ಸೋದರಿಯರೂ ಅವಳಿಗಿದ್ದರು. ಕಿಲ್ಡೇರಿನ ಸಂತಳಾದ ಕ್ರೈಸ್ತ ಬ್ರಿಗಿಡಳ ಹಬ್ಬವೂ ಇಂಬೊಲ್ಕ್ ಹಬ್ಬವೂ ಒಂದೇ ದಿನ, ಫೆಬ್ರವರಿ ೧. ಕಿಲ್ಡೇರಿನ ಮಠದಲ್ಲಿ ಹತ್ತೊಂಬತ್ತು ಮಂದಿ ಸಂನ್ಯಾಸಿನಿಯರು ಸರದಿಯಂತೆ ಅಗ್ನಿಯನ್ನು ಕಾಯುತ್ತಿದ್ದರೆಂದೂ ಇಪ್ಪತ್ತನೆಯ ರಾತ್ರಿ ಸಂತಳೇ ಕಾಯುವಳೆಂಬ ನಂಬಿಕೆಯಿತ್ತೆಂದೂ ಹನ್ನೆರಡನೆಯ ಶತಮಾನದಲ್ಲಿ ವೇಲ್ಸಿನ ಜೆರಾಲ್ಡನು ಬರೆದಿದ್ದಾನೆ. ಆ ಅಗ್ನಿ ಮುಂದೆ ನಂದಿತು. ೧೯೯೩ರಲ್ಲಿ ಅದನ್ನು ಮತ್ತೆ ಹೊತ್ತಿಸಿದವರು ಡ್ರೂಯಿಡರಲ್ಲ, ಬ್ರಿಗಿಡಳ ಹೆಸರಿನ ಕ್ಯಾಥೊಲಿಕ್ ಸಂನ್ಯಾಸಿನಿಯರು. ೨೦೦೬ರಲ್ಲಿ ಆ ಊರಿನ ಚೌಕದಲ್ಲಿ ಐರ್ಲೆಂಡಿನ ಅಧ್ಯಕ್ಷೆ ಮೇರಿ ಮ್ಯಾಕ್‌ಅಲೀಸ್ ಶಾಶ್ವತ ದೀಪವನ್ನು ಬೆಳಗಿದರು. ೨೦೨೩ರಿಂದ ಬ್ರಿಗಿಡಳ ಹಬ್ಬಕ್ಕೆ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆಯೂ ಉಂಟು.

ಈಗ ಆ ದೀಪದ ಮುಂದೆ ಸಂತಳನ್ನು ನೆನೆಯುವವರೂ ದೇವಿಯನ್ನು ನೆನೆಯುವವರೂ ಬಂದು ನಿಲ್ಲುತ್ತಾರೆ. ಐರ್ಲೆಂಡಿನ ಮನೆಗಳಲ್ಲಿ ಜೊಂಡುಹುಲ್ಲಿನ ಶಿಲುಬೆಯನ್ನು ಹೆಣೆದು ಬಾಗಿಲ ಮೇಲಿಡುವ, ಹಬ್ಬದ ಹಿಂದಿನ ರಾತ್ರಿ ಬ್ರಿಗಿಡಳ ಆಶೀರ್ವಾದಕ್ಕೆಂದು ಬಟ್ಟೆಯನ್ನು ಹೊರಗೆ ಹರಡುವ ಪದ್ಧತಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಹಳ್ಳಿಯ ಕ್ಯಾಥೊಲಿಕ್ ಹೆಂಗಸರು. ಅವರನ್ನು ನೋಡಿ, ನಿಮಗೆ ತಿಳಿಯದಿದ್ದರೂ ನೀವು ಪೂಜಿಸುತ್ತಿರುವುದು ನಮ್ಮ ದೇವಿಯನ್ನೇ ಎಂದು ಹೊರಗಿನವನೊಬ್ಬನು ಹೇಳಿದರೆ, ಆ ತಾಯಂದಿರಿಗೆ ಅದು ಹೇಗೆ ಕೇಳಿಸೀತು? ಐರಿಷಿನ ಒಂದು ವಾಕ್ಯವನ್ನೂ ಅರಿಯದೆ ಐರಿಷ್ ದೇವತೆಗಳ ಹೆಸರಿನಲ್ಲಿ ದೀಕ್ಷೆ ಕೊಡುವವರನ್ನು ಕಂಡರೆ, ಆ ಭಾಷೆಯನ್ನು ಮಕ್ಕಳಿಗೆ ಕಲಿಸಲು ಹೆಣಗುತ್ತಿರುವ ಮೇಷ್ಟರಿಗೆ ಹೇಗೆನ್ನಿಸೀತು? ಸತ್ತ ಮತವನ್ನು ಎಬ್ಬಿಸಹೋದವರು ಬದುಕಿರುವ ಜನರನ್ನು ಮರೆಯುವ ಅಪಾಯವಿದು. ಸೋತವರ ದೇವರನ್ನು ಗೌರವಿಸಬೇಕೆಂಬುವರು ಆ ಸೋತವರ ಮಕ್ಕಳ ಮಾತನ್ನು ಮೊದಲು ಕೇಳಬೇಕು.

ಹಾಗಾದರೆ ನಿಂತುಹೋದ ಪೂಜೆಯನ್ನು ಮತ್ತೆ ಆರಂಭಿಸಬಹುದೇ? ಚರಿತ್ರೆಯ ಅಧ್ಯಾಪಕನಾದ ನಾನು ದೇವರು ಬರುವನೋ ಬಾರನೋ ಎಂಬುದನ್ನು ಹೇಳಲಾರೆನು. ಅದು ನನ್ನ ಶಾಸ್ತ್ರದ ಎಲ್ಲೆಯನ್ನು ಮೀರಿದುದು. ನನ್ನ ಶಾಸ್ತ್ರವು ಹೇಳಬಹುದಾದುದು ಇಷ್ಟು. ಹೊಸದಾದ ಮಾತ್ರಕ್ಕೆ ಭಕ್ತಿ ಸುಳ್ಳಾಗುವುದಿಲ್ಲ. ಎಲ್ಲ ಪೂಜೆಗಳೂ ಒಂದು ದಿನ ಹೊಸವಾಗಿದ್ದುವು. ಆದರೆ ಹೊಸದನ್ನು ಹಳೆಯದೆಂದು ಹೇಳಿದರೆ, ಹಳೆಯದಾಗಿ ನಿಜವಾಗಿ ಉಳಿದಿರುವ ಅಲ್ಪಸ್ವಲ್ಪವೂ ಅದರಡಿಯಲ್ಲಿ ಹೂತುಹೋಗುತ್ತದೆ. ಪುರಾತನತ್ವದ ಆಸೆಯು ಕೆಲ್ಟರ ಅಭಿಮಾನಿಗಳಿಗೆ ಮಾತ್ರ ಇರುವ ದೌರ್ಬಲ್ಯವಲ್ಲ. ತನ್ನ ಊರಿನ ಗುಡಿ, ತನ್ನ ಕುಲದ ಮೂಲ, ತನ್ನ ನುಡಿಯ ವಯಸ್ಸು ಇವುಗಳಿಗೆ ನಾಲ್ಕಾರು ಶತಮಾನಗಳನ್ನು ಸೇರಿಸಿ ಹೇಳಬೇಕೆನ್ನುವ ಚಪಲ ಎಲ್ಲ ದೇಶಗಳಲ್ಲಿಯೂ ಉಂಟು. ಇದು ನನಗೆ ತಿಳಿಯದು ಎಂದು ದೇವರ ಮುಂದೆಯೂ ಒಪ್ಪಿಕೊಳ್ಳುವ ಆ ಪುನಾರಚನಾವಾದಿಗಳ ನಡತೆಯು ಆ ಚಪಲಕ್ಕೆ ಒಳ್ಳೆಯ ಮದ್ದು.

ಆ ವಿದ್ಯಾರ್ಥಿ ಈಗ ನನ್ನ ತರಗತಿಯಲ್ಲಿಲ್ಲ. ಇದ್ದಿದ್ದರೆ ನನ್ನ ಉತ್ತರವನ್ನು ಹೀಗೆ ತಿದ್ದಿ ಹೇಳುತ್ತಿದ್ದೆನು: ಸೋತ ಜನರ ದೇವರುಗಳಲ್ಲಿ ಕೆಲವರು ಗೆದ್ದವರ ದೇವರ ಹೆಸರನ್ನು ಧರಿಸಿಕೊಂಡರು, ಕೆಲವರು ಸಂತರಾದರು, ಕೆಲವರು ಕಥೆಯಾದರು, ಕೆಲವರು ನದಿಯ, ಊರಿನ ಹೆಸರುಗಳಲ್ಲಿ ಅಡಗಿದರು. ಇಂದಿನ ಫ್ರಾನ್ಸಿನ ಲಿಯೋನ್ ಪಟ್ಟಣದ ಹಳೆಯ ಹೆಸರು ಲುಗ್‌ದುನುಮ್. ಅದು ಲುಗ್ ದೇವನ ಕೋಟೆ ಎಂಬ ಅರ್ಥವುಳ್ಳದ್ದೆಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ. ಅಲ್ಲಿ ದಿನವೂ ಲಕ್ಷಾಂತರ ಜನರು ಆ ಹೆಸರನ್ನು, ಸವೆದ ರೂಪದಲ್ಲಿಯಾದರೂ, ಉಚ್ಚರಿಸುತ್ತಿದ್ದಾರೆ. ಅವರ ಕಿವಿಗೆ ಅದು ದೇವರ ಹೆಸರಾಗಿ ಕೇಳಿಸುವುದಿಲ್ಲ. ಎಲ್ಲಿಯೋ ಒಂದು ಮನೆಯಲ್ಲಿ ಒಬ್ಬನಿಗೆ ಹಾಗೆ ಕೇಳಿಸಿ, ಅವನು ಒಲೆಯ ಬಳಿ ಒಂದು ಬಟ್ಟಲು ಹಾಲನ್ನಿಟ್ಟರೆ, ಅವನು ನಗೆಗೆ ಪಾತ್ರನೆಂದು ನಾನು ಭಾವಿಸುವುದಿಲ್ಲ. ಅಂದು ನನ್ನ ತರಗತಿಯಲ್ಲಿ ನಗು ಎದ್ದುದಕ್ಕೆ ಕಾರಣ ಹುಡುಗನ ಪ್ರಶ್ನೆಯಾಗಿದ್ದರೆ ಅದು ಅನುಚಿತ; ನನ್ನ ಉತ್ತರವಾಗಿದ್ದರೆ ಸರಿಯಾದುದೇ.